ಹೇರೆತ್ತಿನವರೂ ಗಾದಿಯವರೂ

ಕುಂದಗೋಳದ ಪೇಟೆಯಲ್ಲಿ ಮಾರವಾಡದ ಹೆಸರು ಹೇಳುವವರು ಎರಡು ಥರ ಇದ್ದರು. ಒಬ್ಬರು ಬಿಳಿ ಗಾದಿಯ ಮೇಲೆ ಕೂತಿರುತ್ತಿದ್ದರು. ಇನ್ನೊಬ್ಬರು ಅದೇ ಅಂಗಡಿಯ ಕಟ್ಟೆಯ ಕೆಳಗೆ ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಗಾದಿಯವರು ಸೇಟಜಿಗಳು, ಕಟ್ಟೆಯ ಕೆಳಗಿನವರು ಲಮಾಣಿಗರು. ಸೇಟಜಿಗೆ ಜಾಲೋರಿನಲ್ಲೋ ಪಾಲಿಯಲ್ಲೋ ಮನೆ, ಮನೆದೇವರು, ಬೀಗತನ ಮಾಡುವ ಮಂದಿ ಎಲ್ಲ ಇನ್ನೂ ಇದ್ದರು. ಲಮಾಣಿಗರಿಗೆ ಆ ಸೀಮೆಯಿಂದ ಉಳಿದದ್ದು ಒಂದಿಷ್ಟು ಮಾತು ಮತ್ತು ಅಡ್ಡಹೆಸರು: ರಾಠೋಡ, ಚವ್ಹಾಣ, ಪವಾರ. ಜೋಧಪುರ ಆಳಿದ ಮನೆತನದವರೂ ರಾಠೋಡರೇ. ನಮ್ಮ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಮುದುಕಿಯೂ ರಾಠೋಡರಾಕೆಯೇ.

ಇವರಿಬ್ಬರ ನಡುವಿನ ಅಂತರಕ್ಕೆ ಕಾರಣ ತನಗೆ ಗೊತ್ತು ಎಂದು ಊರು ತಿಳಿದಿತ್ತು. “ಮಾರವಾಡಿ ಒಂದೊಪ್ಪತ್ತು ಉಂಡು ರೊಕ್ಕಾ ಉಳಸ್ತಾನ, ಲಮಾಣಿ ಹಗಲೆಲ್ಲಾ ಗಳಿಸಿ ಸಂಜೀಕ ಶೆರೇಕ ಸುರೀತಾನ” ಎನ್ನುವ ಮಾತನ್ನು ಚಹಾದ ಅಂಗಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ ಕೇಳಿಯೇ ಬೆಳೆದೆ. ಹೇಳುವವರು ಸ್ವತಃ ಸೇಟಜಿಯ ಖಾತೆಯಲ್ಲಿ ಸಾಲಗಾರರು, ಅವರ ಹೊಲದ ಕಸ ತೆಗೆಯುವವರು ಲಮಾಣಿಗರು. ಕುಡಿತ ಸುಳ್ಳಲ್ಲ. ತಾಂಡಾಗಳಲ್ಲಿ ಭಟ್ಟಿ ಇದ್ದದ್ದೂ ಸುಳ್ಳಲ್ಲ, ಆದರೆ ಆ ಭಟ್ಟಿಯ ಗಿರಾಕಿಗಳಲ್ಲಿ ಊರಿನ ದೊಡ್ಡ ಮನೆಯವರಿಗೇನೂ ಕಡಿಮೆ ಇರಲಿಲ್ಲ. ಸೇಟಜಿಯ ಜಿಪುಣತನವೂ ನಿಜವೇ. ಗುಣದಿಂದಲೇ ಗಂಟು ಕೂಡುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಯಾಕೆಂದರೆ ಲಮಾಣಿಗರೂ ಒಂದು ಕಾಲಕ್ಕೆ ವ್ಯಾಪಾರಸ್ಥರೇ, ಈ ಎರಿ ನೆಲದಲ್ಲಿ ಮಾರವಾಡಿ ಅಂಗಡಿ ತೆರೆಯುವ ಎಷ್ಟೋ ಮೊದಲಿನಿಂದ.

ಮೊಗಲರ ದಂಡು ದಕ್ಷಿಣಕ್ಕೆ ಬಂದಾಗ ಅದಕ್ಕೆ ಕಾಳುಕಡಿ ಮುಟ್ಟಿಸಿದವರು ಬಂಜಾರರು, ಎಂದರೆ ಇದೇ ಲಮಾಣಿಗರು. ಸಾವಿರಾರು ಎತ್ತುಗಳ ಮೇಲೆ ಹೇರು ಹಾಕಿಕೊಂಡು ನಡೆಯುವ ಜನ. ಘಟ್ಟದ ಕೆಳಗಿನಿಂದ ಉಪ್ಪು ಮೇಲೆ ಬರುತ್ತಿತ್ತು, ಮೇಲಿನಿಂದ ಜೋಳ, ಕಡಲಿ ಬೇರೆ ಸೀಮೆಗೆ ಹೋಗುತ್ತಿದ್ದವು. ದಂಡು ಯಾರದ್ದಾದರೂ ಅವರು ಮಾರುವವರೇ. ರಸ್ತೆಯಿಲ್ಲದ ಕಡೆಗೂ ಎತ್ತು ಹೋಗುತ್ತದೆ ಎಂಬುದೇ ಅವರ ಬಂಡವಾಳ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಗಾಡಿಯಲ್ಲಿ ಇಳಿಯತೊಡಗಿತು. ನಮ್ಮ ಜವಾರಿ ಹತ್ತಿಗೆ ಮುಂಬಯಿ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು ಬಿತ್ತು. ಗಾಡಿ ಹೇರೆತ್ತನ್ನು ಅರ್ಧ ಕೊಂದಿತು, ಉಳಿದರ್ಧ ಕೊಂದದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು. ಹರಿಹರದ ಕಡೆಗೆ ಹೋದ ಹಳಿ ಕುಂದಗೋಳ, ಸಂಶಿ, ಗುಡಗೇರಿ ಹಾದುಹೋಯಿತು. 1888ರಲ್ಲಿ ಪೋರ್ತುಗೀಸರ ಮುರಗಾಂವ ಬಂದರಿನ ಹಳಿ ಕ್ಯಾಸಲ್‌ರಾಕ್‌ನಲ್ಲಿ ಇದಕ್ಕೆ ಕೂಡಿಕೊಂಡಿತು. ಉಪ್ಪು ವ್ಯಾಗನ್ನಿನಲ್ಲಿ ಬರುವಾಗ ಎತ್ತಿನ ಬೆನ್ನಿನ ಉಪ್ಪನ್ನು ಯಾರು ಕೊಳ್ಳುತ್ತಾರೆ?

ಪೋರ್ತುಗೀಸರ ಹೆಸರು ಬಂತೆಂದು ಇನ್ನೊಂದು ಮಾತು. ನಮ್ಮ ತಾಲೂಕು ಮೀಸೆ ತಿರುವುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಗಿಡದ ಮೂಲ ಅಮೆರಿಕಾ ಖಂಡ. ಇಲ್ಲಿಗೆ ತಂದವರು ಪೋರ್ತುಗೀಸರು. ಶೇಂಗಾವೂ ಆ ಖಂಡದ್ದೇ. ಹೊರಗಿನಿಂದ ಬಂದ ಬೆಳೆಯನ್ನು ‘ನಮ್ಮದು’ ಎನ್ನಲು ಊರಿಗೆ ಹೊತ್ತು ಹಿಡಿಯಲಿಲ್ಲ. ಹೊರಗಿನಿಂದ ಬಂದ ಮಂದಿಯ ವಿಷಯದಲ್ಲಿ ಊರು ಅಷ್ಟು ಉದಾರಿಯಲ್ಲ.

ಹೇರು ಹೋದ ಮೇಲೆ ಲಮಾಣಿಗರಿಗೆ ಉಳಿದದ್ದು ದನ. ದನಕ್ಕೆ ಅಡವಿ ಬೇಕು. 1878ರ ಅರಣ್ಯ ಕಾಯ್ದೆ ಅಡವಿಗೆ ಬೇಲಿ ಹಾಕಿತು. ಕಲಘಟಗಿಯ ಅಡವಿಯಂಚಿನಲ್ಲಿ, ಶಿರಹಟ್ಟಿಯ ಗುಡ್ಡದ ಮಗ್ಗುಲಲ್ಲಿ ತಾಂಡಾಗಳು ನಿಂತುಬಿಟ್ಟವು. ಕಟ್ಟಿಗೆ ಹೊರೆ, ಕೂಲಿ, ಭಟ್ಟಿ. ಒಳ್ಳೆಯ ಎರಿ ಹೊಲಕ್ಕೆ ಅಷ್ಟರಲ್ಲಿ ಒಡೆಯರು ಇದ್ದೇ ಇದ್ದರು.

ಅವರ ವ್ಯಾಪಾರವನ್ನು ಮುರಿದ ಅದೇ ಹಳಿಯ ಮೇಲೆ ಸೇಟಜಿ ಬಂದ. ಊರಿಗೆ ಬರುವ ಹುಡುಗ ಬರಿಗೈಯಲ್ಲೇ ಬರುತ್ತಿದ್ದ. ಸಂಬಂಧಿಕರ ಅಂಗಡಿಯಲ್ಲಿ ಕಸ ಹೊಡೆದು, ಅಲ್ಲೇ ಚೀಲಗಳ ಮೇಲೆ ಮಲಗಿ, ಲೆಕ್ಕ ಕಲಿತು, ಕನ್ನಡ ಕಲಿತು, ಕೆಲವು ವರ್ಷಗಳ ಮೇಲೆ ಹಿರಿಯ ಅವನಿಗೊಂದು ಅಂಗಡಿಯಷ್ಟು ಮಾಲು ಉದ್ರಿ ಕೊಡುತ್ತಿದ್ದ. ಮುಳುಗಿದರೆ ಎತ್ತುವವರು ಹುಬ್ಬಳ್ಳಿಯಲ್ಲಿ, ಮುಂಬಯಿಯಲ್ಲಿ ಇರುತ್ತಿದ್ದರು. ಇದಕ್ಕೆ ಜಿಪುಣತನ ಎನ್ನುವುದಕ್ಕಿಂತ ಬ್ಯಾಂಕು ಎನ್ನುವುದು ಸರಿ. ಲಮಾಣಿಗರಲ್ಲೂ ಒಗ್ಗಟ್ಟಿಗೆ ಕೊರತೆ ಇರಲಿಲ್ಲ. ತಾಂಡಾಕ್ಕೆ ನಾಯಕ, ಕಾರಬಾರಿ ಇದ್ದರು, ಜಗಳ ಅಲ್ಲೇ ಬಗೆಹರಿಯುತ್ತಿತ್ತು. ಆದರೆ ಅವರಿಗೆ ಸಿಗುವ ಮುಂಗಡ ಬೇರೆ ಜಾತಿಯದು. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಕೊಡುವ ಹಣ ಬರುವ ಸುಗ್ಗಿಯ ದುಡಿಮೆಗೆ ಹಾಕಿದ ಹಗ್ಗ. ಸೇಟಜಿಯ ಹುಡುಗನಿಗೆ ಮಾಲು ಉದ್ರಿ ಸಿಕ್ಕಿತು, ಲಮಾಣಿ ಹುಡುಗನಿಗೆ ಅವನ ಸ್ವಂತ ರಟ್ಟೆಯೇ ಉದ್ರಿ ಸಿಕ್ಕಿತು.

ಇಂಥ ಲೆಕ್ಕ ನಮ್ಮೂರಿಗಷ್ಟೇ ಸೇರಿದ್ದಲ್ಲ. ಹವಾಯಿ ದ್ವೀಪಗಳ ಕಬ್ಬಿನ ತೋಟಕ್ಕೆ 1878ರಿಂದ ಮಡೀರಾ, ಅಜೋರ್ಸ್ ಕಡೆಯ ಪೋರ್ತುಗೀಸರು ಕರಾರಿನ ಕೂಲಿಗಳಾಗಿ ಹೋದರು. ಸ್ಪೇನಿನವರು ಹೋದದ್ದು 1907ರಿಂದ 1913ರ ನಡುವೆ, ಸುಮಾರು 8,000 ಮಂದಿ. ಮೊದಲು ಹೋದವರಲ್ಲಿ ಅನೇಕರು ತೋಟದ ಮೇಸ್ತ್ರಿಗಳಾದರು, ಅಲ್ಲೇ ಬೇರು ಬಿಟ್ಟರು. ಆಮೇಲೆ ಹೋದವರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳ ದಾರಿ ಹಿಡಿದರು. ಪಕ್ಕಪಕ್ಕದ ದೇಶ, ಒಂದೇ ದೇವರು, ಹೆಚ್ಚುಕಡಿಮೆ ಅದೇ ಊಟ. ಅಲ್ಲಿಯೂ ಯಾರಾದರೂ ಚಹಾದ ಅಂಗಡಿಯಂಥದ್ದರಲ್ಲಿ ಕೂತು ಒಬ್ಬರು ದುಡಿಯುವವರು, ಇನ್ನೊಬ್ಬರು ಅಲೆಯುವವರು ಎಂದು ತೀರ್ಪು ಕೊಟ್ಟಿರುತ್ತಾರೆ. ಯಾವ ವರ್ಷ ಹಡಗಿನಿಂದ ಇಳಿದರು, ಆಗ ಯಾವ ಕೆಲಸ ಖಾಲಿ ಇತ್ತು ಎಂದು ಯಾರು ಕೇಳುತ್ತಾರೆ?

ಹೊರಗಿನವರಿಗೆ ಕುಂದಗೋಳ ಎಂದರೆ ಸವಾಯಿ ಗಂಧರ್ವರು, ನಾಡಿಗೇರ ವಾಡೆ, ಅಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ. ಆ ಸಂಗೀತದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಪೇಟೆಯ ಬಗ್ಗೆ ಬರೆದವರು ಕಡಿಮೆ. ನನಗೆ ತಿಳಿವಳಿಕೆ ಬಂದಾಗ ಪೇಟೆ ನಡೆಯುತ್ತಿದ್ದುದು ಹತ್ತಿ, ಮೆಣಸಿನಕಾಯಿ, ಶೇಂಗಾದ ಮೇಲೆ. ಬೀಜಕ್ಕೆ ಸೇಟಜಿಯ ಹತ್ತಿರ ಹೋಗುವುದು, ಸುಗ್ಗಿಗೆ ಲಮಾಣಿಗರನ್ನು ಕರೆಯುವುದು: ಒಕ್ಕಲುತನ ಎಂದರೆ ಈ ಎರಡು ಓಡಾಟ. ಧಾರವಾಡದಲ್ಲಿ ತಯಾರಾದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂತು, 1981ರಲ್ಲಿ ಡಿಸಿಎಚ್ ಬಂತು. ಹೈಬ್ರಿಡ್ ಹತ್ತಿಗೆ ಬೀಜ ಪ್ರತಿವರ್ಷ ಕೊಳ್ಳಬೇಕು, ಎಣ್ಣೆ ಹೊಡೆಯಬೇಕು, ಬಿಡಿಸುವುದೂ ಹೆಚ್ಚು. ಹೀಗಾಗಿ ಇಬ್ಬರಿಗೂ ಕೆಲಸ ಹೆಚ್ಚಾಯಿತು. ಒಬ್ಬರಿಗೆ ಸಾಲ ಬರೆಯುವ ಕೆಲಸ, ಇನ್ನೊಬ್ಬರಿಗೆ ಬೆನ್ನು ಬಗ್ಗಿಸುವ ಕೆಲಸ.

ಸಂಜೆ ತೂಕದ ಹೊತ್ತಿಗೆ ನಮ್ಮ ಮನೆಯವರು ಹೇಳಿದ ಕಿಲೋಕ್ಕೆ ಲಮಾಣಿ ಹೆಣ್ಣುಮಕ್ಕಳು ಎಂದೂ ಒಪ್ಪುತ್ತಿರಲಿಲ್ಲ. ಮರುದಿನ ಸೇಟಜಿಯ ತಕ್ಕಡಿಯ ಮುಂದೆ ನಮ್ಮಪ್ಪನೂ ಅದೇ ದನಿಯಲ್ಲಿ ವಾದಿಸುತ್ತಿದ್ದ. “ಸೇಟಜೀ, ತೂಕಾ ಸರಿ ಹಿಡೀರಿ” ಎನ್ನುವುದು, “ಗೌಡ್ರ, ಹಸಿ ಐತ್ರಿ ಮಾಲು” ಎನ್ನುವುದು ಪ್ರತಿ ಸುಗ್ಗಿಯ ಮಾತು. ಕಟ್ಟೆಯ ಕೆಳಗೆ ನಿಂತ ಲಮಾಣಿ ಮುದುಕಿ ಬೆಳ್ಳಿ ಕಡಗ ಒತ್ತೆ ಇಡಲು ಬಂದರೆ ಸೇಟಜಿ ಕನ್ನಡ ಬಿಟ್ಟು ತನ್ನ ಮಾತಿನಲ್ಲಿ ಶುರು ಮಾಡುತ್ತಿದ್ದ. ಅವಳಿಗೆ ಮುಕ್ಕಾಲು ತಿಳಿಯುತ್ತಿತ್ತು, ಅವಳು ಬೈದದ್ದು ಅವನಿಗೂ ತಿಳಿಯುತ್ತಿತ್ತು. ಒಂದೇ ಸೀಮೆಯವರೆಂದು ಬಡ್ಡಿಯಲ್ಲಿ ಒಂದು ಪೈಸೆ ಇಳಿದದ್ದನ್ನು ನಾನು ನೋಡಲಿಲ್ಲ.

1974ರ ಭೂಸುಧಾರಣೆ ನಮ್ಮ ತಾಲೂಕಿನ ಗೇಣಿದಾರರ ಕೈಗೆ ಹೊಲ ಕೊಟ್ಟಿತು. ಲಮಾಣಿಗರು ಬಹುತೇಕ ಗೇಣಿದಾರರಲ್ಲ, ಕೂಲಿಗಳು. ಕೂಲಿಗೆ ಉಳುವವನ ಲೆಕ್ಕ ಇರಲಿಲ್ಲ. ಅವರಿಗೆ ದಕ್ಕಿದ್ದು ಅದಾದ ಎರಡು ವರ್ಷಕ್ಕೆ ಬಂದ 1976ರ ತಿದ್ದುಪಡಿ ಕಾಯ್ದೆ. ಪರಿಶಿಷ್ಟ ಜಾತಿಯ ಪಟ್ಟಿಗೆ ಇದ್ದ ಜಿಲ್ಲೆಜಿಲ್ಲೆಯ ಅಡ್ಡಗೋಡೆ ಆಗ ಬಿತ್ತು, ನಮ್ಮ ಕಡೆಯ ಲಮಾಣಿಗರೂ ಆ ಪಟ್ಟಿಯೊಳಗೆ ಬಂದರು. ಗಡಿ ದಾಟಿದರೆ ಮಹಾರಾಷ್ಟ್ರದಲ್ಲಿ ಇದೇ ಜನ ವಿಮುಕ್ತ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು ಮೂರು ರಾಜ್ಯದಲ್ಲಿ ಮೂರು ಸರ್ಟಿಫಿಕೇಟು ಹಿಡಿದಿರುತ್ತಾರೆ. ನೆಲ ಸಿಗದ ಕಡೆ ನೌಕರಿ ಸಿಕ್ಕಿತು ಎನ್ನಬಹುದು, ಆದರೆ ಸಿಕ್ಕದ್ದು ಕೆಲವರಿಗೆ. ನಮ್ಮ ಹೊಲಕ್ಕೆ ಬರುತ್ತಿದ್ದ ಮುದುಕಿಯ ಮೊಮ್ಮಗ ಮಾಸ್ತರನಾದ. ಹುಬ್ಬಳ್ಳಿಯಲ್ಲಿ ಪ್ಲಾಟು ಹಿಡಿದು ಮನೆ ಕಟ್ಟಿಸಿದ್ದಾನೆ, ಹೆಂಡತಿ ಸೀರೆ ಉಡುತ್ತಾಳೆ. ಅಜ್ಜಿಯ ಫೇಟಿಯಾ, ಕಾಂಚಳಿ ಪೆಟ್ಟಿಗೆಯಲ್ಲಿವೆ. ಫೆಬ್ರುವರಿ 15ರ ಸೇವಾಲಾಲ ಜಯಂತಿಗೆ ಅವನ್ನು ಹೊರಗೆ ತೆಗೆಯುತ್ತಾರೆ, ಫೋಟೊ ಆದ ಮೇಲೆ ಒಳಗಿಡುತ್ತಾರೆ. 2023ರಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರು. ಆ ಕಸೂತಿಯ ಅಂಗಿ ತೊಟ್ಟವರನ್ನು ನಮ್ಮೂರ ಹೋಟೆಲಿನವರು ಹೊರಗೆ ನಿಲ್ಲಿಸಿ ಚಹಾ ಕೊಡುತ್ತಿದ್ದುದು ನನ್ನ ಕಣ್ಣಮುಂದೆಯೇ ಇದೆ.

ಮಾಸ್ತರನ ಚಿಕ್ಕಪ್ಪನ ಮಕ್ಕಳು ತಾಂಡಾದಲ್ಲೇ ಇದ್ದಾರೆ, ಇಲ್ಲವೆ ಗೋವಾದಲ್ಲಿ. 1961ರಲ್ಲಿ ಪೋರ್ತುಗೀಸರು ಬಿಟ್ಟುಹೋದ ಮೇಲೆ ಅಲ್ಲಿ ಏಳತೊಡಗಿದ ಕಟ್ಟಡಗಳ ಕಲ್ಲು, ಸಿಮೆಂಟು ಹೊತ್ತವರಲ್ಲಿ ನಮ್ಮ ಜಿಲ್ಲೆಗಳ ಲಮಾಣಿಗರು, ವಡ್ಡರು ಬಹಳ. ವಾಸ್ಕೊದ ಬೈನಾದಲ್ಲಿ ಕಟ್ಟಿಕೊಂಡ ಗುಡಿಸಲು ಸಾಲುಗಳು 2004ರಲ್ಲಿ ಉರುಳಿದವು, ಮತ್ತೆ ಕಟ್ಟಿದವು 2015ರಲ್ಲಿ ಉರುಳಿದವು. ಹತ್ತಿ ಇಳಿದುಹೋದ ದಾರಿಯಲ್ಲೇ ಹತ್ತಿ ಬಿಡಿಸುವವರೂ ಇಳಿದರು.

ಗಾದಿಯವರ ಕಥೆಯೂ ಏರುಮುಖವಾಗಿಯೇ ಉಳಿದಿಲ್ಲ. ಗೋಣಿಚೀಲದ ವ್ಯಾಪಾರ ಹುಬ್ಬಳ್ಳಿಯ ಅಮರಗೋಳಕ್ಕೆ, ಬ್ಯಾಡಗಿ ಪೇಟೆಗೆ ಹೋಯಿತು. ಚಿನ್ನ ಒತ್ತೆ ಇಡುವವರು ಈಗ ಬ್ಯಾಂಕಿಗೆ, ಕೇರಳ ಮೂಲದ ಕಂಪನಿಗಳಿಗೆ ಹೋಗುತ್ತಾರೆ. ತಾಂಡಾದ ಹೆಣ್ಣುಮಕ್ಕಳ ಹತ್ತಿರ ವಾರವಾರ ಕಂತು ಕೇಳುವವರು ಮೈಕ್ರೋಫೈನಾನ್ಸಿನ ಬೈಕು ಹುಡುಗರು. 2025ರ ಫೆಬ್ರುವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತರಬೇಕಾದಷ್ಟು ಅವರ ಕಾಟ ಹೆಚ್ಚಿತ್ತು. ಆ ಹುಡುಗರಲ್ಲಿ ಮಾರವಾಡಿಗಳು ನನಗೆ ಕಂಡಿಲ್ಲ, ನಮ್ಮವರೇ. ಸೇಟಜಿಯ ಮೊಮ್ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ ಲೆಕ್ಕ ಪರಿಶೋಧಕ, ಇನ್ನೊಬ್ಬ ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವ. ಆನ್‌ಲೈನ್ ಮಾರಾಟ ತನ್ನ ಲಾಭ ತಿನ್ನುತ್ತಿದೆ ಎಂದು ಅವನು ಗೊಣಗುವಾಗ ಥೇಟ್ ಒಕ್ಕಲಿಗನ ಹಾಗೆ ಕಾಣುತ್ತಾನೆ. ಆದರೂ ಒಂದು ಮಾತ್ರ ಆಗುವುದಿಲ್ಲ: ಅವನ ಮನೆಯವರು ಬಡವರಾಗುವುದಿಲ್ಲ. ಅಂಗಡಿ ಮುಚ್ಚಿದರೆ ಕಟ್ಟಡ ಇರುತ್ತದೆ, ಹುಬ್ಬಳ್ಳಿಯಲ್ಲಿ ಜೋಧಪುರದ ರೈಲು ಹತ್ತಿದರೆ ಅಲ್ಲೊಂದು ಮನೆ ಇರುತ್ತದೆ.

2025ರ ಆಗಸ್ಟಿನಲ್ಲಿ ತೆಲಂಗಾಣದಲ್ಲಿ ‘ಮಾರ್ವಾಡಿ ಗೋ ಬ್ಯಾಕ್’ ಎಂಬ ಕೂಗು ಎದ್ದಿತು. ಅದೇ ರಾಜ್ಯದಲ್ಲಿ ಲಂಬಾಡಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಯಿಂದ ತೆಗೆಯಿರಿ, ಅವರು ಹೊರಗಿನವರು ಎಂಬ ಆದಿವಾಸಿಗಳ ಬೇಡಿಕೆ 2017ರಿಂದಲೂ ಇದೆ. ಆದಿವಾಸಿಗಳ ಅಳಲಿಗೆ ಅದರದೇ ಕಾರಣಗಳಿವೆ, ಅದನ್ನು ಅಂಗಡಿಕಾರರ ಪೈಪೋಟಿಯ ಜೊತೆ ಒಂದೇ ಚೀಲಕ್ಕೆ ತುಂಬಲಾರೆ. ಆದರೂ ಗಂಟು ಕಟ್ಟಿದವನಿಗೂ ಕಟ್ಟದವನಿಗೂ ಒಂದೇ ಮಾತು ಕಿವಿಗೆ ಬಿದ್ದದ್ದು ಮೋಜೆನಿಸಿತು.

ಮಾಸ್ತರನ ಚಿಕ್ಕಪ್ಪನ ಮಗ ಹೋದ ದೀಪಾವಳಿಗೆ ಊರಿಗೆ ಬಂದಾಗ ಸಿಕ್ಕಿದ್ದ. ಮಡಗಾಂವದಲ್ಲಿ ಟೈಲ್ಸ್ ಕೂಡಿಸುತ್ತಾನೆ. “ಇಷ್ಟು ದೂರ ಯಾಕೋ, ಇಲ್ಲೇ ಒಂದು ಅಂಗಡಿ ಹಾಕಬಾರದ?” ಅಂದೆ.

“ಹಾಕಿದ್ದೆ ಕಾಕಾ, ತಾಂಡಾದಾಗ. ಎಲ್ಲಾರೂ ಉದ್ರಿ ಒಯ್ದ್ರು. ಕೇಳಾಕ ಹ್ವಾದ್ರ ಒಬ್ಬಾಂವ ಮಾಮಾ, ಒಬ್ಬಾಂವ ಭಾವ. ಸೇಟಜಿ ಆದ್ರ ಬೈದು ವಸೂಲ್ ಮಾಡ್ತಾನ. ನಾ ಬೈದ್ರ ನನ್ನ ತಂಗಿ ಮದಿವಿ ನಿಂದರತೈತಿ.”

ಸೇಟಜಿಗಳು ತಮ್ಮ ಮಂದಿ ಇಲ್ಲದ ಊರಿಗೇ ಬಂದು ಅಂಗಡಿ ಹಾಕಿದ್ದರಲ್ಲಿ ಇದೂ ಒಂದು ಅನುಕೂಲ ಇತ್ತೆಂದು ನನಗೆ ಆಗ ಹೊಳೆಯಿತು. ಅವನ ಕೈಕೆಳಗೆ ಈಗ ನಾಲ್ಕೈದು ಹುಡುಗರಿದ್ದಾರಂತೆ, ಬಿಹಾರದ ಕಡೆಯವರು. ಅವರಿಗೆ ಮುಂಗಡ ಕೊಟ್ಟವನು ಇವನೇ. ಇವನಿಗೆ ಮಾಲು ಉದ್ರಿ ಕೊಡುವವನು ಅಲ್ಲಿನ ರಾಜಸ್ಥಾನಿ ಅಂಗಡಿಯವ.

“ತಿಂಗಳ ಮ್ಯಾಲೆ ಹ್ವಾದ್ರ ಬಡ್ಡಿ ಹಾಕ್ತಾನ” ಅಂದ.

“ನೀನೂ ಹುಡುಗೂರಿಗೆ ಹಾಕ್ತೀಯೇನು?”

“ಹಾಕಾಕs ಬೇಕಲ್ಲ ಕಾಕಾ. ಅವರೇನು ನಮ್ಮ ತಾಂಡಾದವರಲ್ಲ.”