ಅಣ್ಣಾವ್ರ ಹಾಡಿಗೆ ಗಂಟಲು ಒಡೆದಾಗ...

ಜಾತ್ರೆಯ ರಾತ್ರಿ ಆರ್ಕೆಸ್ಟ್ರಾ ಮುಂದೆ ನಿಂತು 'ಒನ್ಸ್ ಮೋರ್' ಎಂದು ಕೂಗದವರು ಯಾರಿದ್ದೀರಿ, ಕೈ ಎತ್ತಿ ನೋಡೋಣ! ನಾನಂತೂ ಎತ್ತುವುದಿಲ್ಲ. ಅಣ್ಣಿಗೇರಿ, ನವಲಗುಂದ, ಕಲಘಟಗಿ, ಕುಂದಗೋಳ... ಎಲ್ಲಿ ಸ್ಟೇಜು ಬಿದ್ದರೂ ಮುಂದಿನ ಸಾಲಿನಲ್ಲಿ ಹಾಜರ್. ಆದರೆ ಮೈಕಿನ ಆ ಕಡೆ ನಿಂತವನ ಗಂಟಲಿನಲ್ಲಿ ಏನು ನಡೆಯುತ್ತದೆ? ಅದನ್ನು ಹತ್ತಿರದಿಂದ ಕಂಡದ್ದು ನನ್ನ ದೋಸ್ತನೊಬ್ಬನ ದನಿ ಕೈಕೊಟ್ಟಾಗ.

ಅವನ ಹೆಸರು ಬೇಡ. 'ದನಿ ಹೋದವ' ಅಂತ ಸುದ್ದಿ ಹಬ್ಬಿದರೆ ಸೀಜನ್ನಿಗೆ ಯಾರೂ ಕರೆಯುವುದಿಲ್ಲ. ನವಲಗುಂದ ಕಡೆಯವ. ಪಿ.ಯು.ಸಿ.ಯಲ್ಲಿ ನನ್ನ ಬೆಂಚಿನವ, ನನ್ನ ಜೊತೆಗೇ ಕಾಲೇಜಿಗೆ ಶರಣು ಹೊಡೆದವ. ನಾನು ಪೆನ್ನು ಹಿಡಿದೆ, ಅವನು ಮೈಕು ಹಿಡಿದ. ಹಗಲು ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ; ರಾತ್ರಿಯಾದರೆ 'ಜೂನಿಯರ್ ರಾಜ್‌ಕುಮಾರ್'! ಒಂದೇ ರಾತ್ರಿ 14 ಹಾಡು. ತಂಗಿಯ ಮದುವೆ ಮಾಡಿದ್ದು ಆ ದನಿಯಿಂದಲೇ.

ಅಣ್ಣಾವ್ರ ಹಾಡೆಂದರೆ ಹುಡುಗಾಟವೇ? ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಕಂಠ ಅದು. ತೆರೆಯ ಮೇಲೆ ಎಷ್ಟೋ ವರ್ಷ ಪಿ.ಬಿ. ಶ್ರೀನಿವಾಸ್ ಅವರಿಗೆ ದನಿಯಾಗಿದ್ದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಹಾಡಿದ್ದೇ ಹಾಡಿದ್ದು, ಕನ್ನಡ ನಾಡೆಲ್ಲ ಕುಣಿಯಿತು. ಮುಂದೆ 'ಜೀವನ ಚೈತ್ರ' ಚಿತ್ರದ 'ನಾದಮಯ' ಹಾಡಿಗೆ ರಾಷ್ಟ್ರಪ್ರಶಸ್ತಿ. ಆಗ ಅವರಿಗೆ 60 ದಾಟಿತ್ತು! 'ಕಾಮನಬಿಲ್ಲು' ಚಿತ್ರದಲ್ಲಿ ಅವರ ಯೋಗಾಸನ ಕಂಡು ಬಾಯಿ ಬಿಟ್ಟವರಿಗೆ ಆ ಉಸಿರಿನ ಗುಟ್ಟು ಹೇಳಬೇಕಾಗಿಲ್ಲ. ನಮ್ಮವನಿಗೋ, ಯೋಗವೂ ಇಲ್ಲ, ಗುರುವೂ ಇಲ್ಲ. ಅಣ್ಣಾವ್ರು ಹಾಡಿದ ಶ್ರುತಿಯಲ್ಲೇ ಹಾಡಬೇಕೆಂಬ ಹಟವೊಂದಿತ್ತು.

ಮೂರು ರಾತ್ರಿ ಬೆನ್ನು ಬೆನ್ನಿಗೆ ಕಾರ್ಯಕ್ರಮ. ಎರೆಮಣ್ಣಿನ ಧೂಳು, ಜನರೇಟರಿನ ಹೊಗೆ, ತನ್ನ ದನಿ ತನಗೇ ಕೇಳಿಸದಷ್ಟು ಡ್ರಮ್ಮಿನ ಗದ್ದಲ. ನಡುರಾತ್ರಿ ಮಿರ್ಚಿ ಭಜಿ ತಿಂದು ಹಾಗೇ ಟೆಂಪೋದಲ್ಲಿ ನಿದ್ದೆ. ಮೂರನೆಯ ರಾತ್ರಿ ಮೇಲಿನ ಸ್ವರಕ್ಕೆ ಹೋದ... ದನಿ ಎರಡಾಗಿ ಸೀಳಿತು! ಜನ ಸಿಳ್ಳೆ ಹಾಕಿದರು. ಮರುದಿನ ಮಾತೆತ್ತಿದರೆ ಒಡಕು ಗಡಿಗೆ ಬಾರಿಸಿದ ಹಾಗೆ.

ಊರೆಲ್ಲ ವೈದ್ಯರೇ. ಒಬ್ಬರು ಕಲ್ಲುಸಕ್ಕರೆ ಅಂದರು, ಒಬ್ಬರು ಜೇಷ್ಠಮಧು, ಇನ್ನೊಬ್ಬರು ಕರಿಮೆಣಸಿನ ಕಷಾಯ. ಇವನು ಎಲ್ಲವನ್ನೂ ನುಂಗಿದ. ದನಿ ಉಳಿಸಲೆಂದು ಪಿಸುಮಾತಿನಲ್ಲೇ ದಿನ ದೂಡಿದ. ನಾಲ್ಕು ವಾರವಾದರೂ ಗುಣವಿಲ್ಲ. ಕೊನೆಗೆ ನಾನೇ ಹುಬ್ಬಳ್ಳಿಗೆ ಎಳೆದುಕೊಂಡು ಹೋದೆ.

ಕಿವಿ-ಮೂಗು-ಗಂಟಲಿನ ಡಾಕ್ಟರು ಮೊದಲು ಬೈದದ್ದೇ ಪಿಸುಮಾತಿಗೆ.

"ಯಾರ್ರಿ ಹೇಳಿದ್ರು ನಿಮಗ ಹಿಂಗ ಮಾತಾಡಂತ? ಪಿಸುಗುಟ್ಟಿದ್ರ ಗಂಟಲಕ್ಕ ಆರಾಮ ಅಲ್ರಿ, ಇನ್ನೂ ತ್ರಾಸ. ಮಾತಾಡೋದಿದ್ರ ನಿಮ್ಮ ದನೀಲೆ ಮೆತ್ತಗ ಮಾತಾಡ್ರಿ. ಇಲ್ಲಾಂದ್ರ ಸುಮ್ನ ಕೂಡ್ರಿ."

ಕ್ಯಾಮೆರಾ ನಳಿಗೆ ಇಳಿಸಿ ಟಿ.ವಿ.ಯಲ್ಲಿ ತೋರಿಸಿದರು. ನಮ್ಮನ್ನು ನಗಿಸಿ ಅಳಿಸುವ ದನಿಯೆಲ್ಲ ಬರುವುದು ಎರಡು ಬಿಳಿಯ ಮಡಿಕೆಗಳಿಂದ. ಉದ್ದ ಗಂಡಸರಲ್ಲಿ ಸುಮಾರು 2 ಸೆಂಟಿಮೀಟರ್, ಅಷ್ಟೇ! ಸುಮ್ಮನೆ ಮಾತಾಡಿದರೂ ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ತಾರಕದಲ್ಲಿ ಹಾಡಿದರೆ 400 ದಾಟುತ್ತದೆ. ರೆಂಟೆ ಹಿಡಿದ ಅಂಗೈ ಜಡ್ಡುಗಟ್ಟುವಂತೆ, ಇವನ ಎರಡೂ ಮಡಿಕೆಗಳ ಮೇಲೆ ಎದುರುಬದುರು ಸಣ್ಣ ಗಂಟು.

"ಆಪರೇಶನ್ ಮಾಡಿಬಿಡ್ರಿ ಸರ" ಅಂದ ದೋಸ್ತ. ಸೀಜನ್ನಿನ ಅವಸರ!

ಡಾಕ್ಟರು ಒಪ್ಪಲಿಲ್ಲ. ಇಂಥ ಗಂಟು ಹೆಚ್ಚಾಗಿ ದನಿಯ ತಾಲೀಮಿನಿಂದಲೇ ಕರಗುತ್ತದಂತೆ. ಕತ್ತರಿ ಕೊನೆಯ ಮಾತು. 1965ರ 'ದಿ ಸೌಂಡ್ ಆಫ್ ಮ್ಯೂಸಿಕ್' ಚಿತ್ರದ ನಾಯಕಿ ಜೂಲಿ ಆಂಡ್ರ್ಯೂಸ್ ಗೊತ್ತಲ್ಲ? 1997ರಲ್ಲಿ ಗಂಟಲಿನ ಶಸ್ತ್ರಕ್ರಿಯೆ ಆದ ಮೇಲೆ ಆಕೆಯ ಆ ಹಾಡುದನಿ ಮರಳಲೇ ಇಲ್ಲ.

ಜೇನು, ಶುಂಠಿಯ ಬಗ್ಗೆ ಕೇಳಿದೆ. ಹಿತ ಅನ್ನಿಸಿದರೆ ತಗೊಳ್ಳಿ ಅಂದರು. ಆದರೆ ನುಂಗಿದ್ದು ಹೋಗುವುದು ಅನ್ನನಾಳಕ್ಕೆ, ದನಿತಂತು ಇರುವುದು ಉಸಿರಿನ ದಾರಿಯಲ್ಲಿ. ನೀರು ಕುಡಿಯಬೇಕು, ಬರೀ ನೀರಿನ ಹಬೆ ತೆಗೆದುಕೊಳ್ಳಬೇಕು. ಗುಟ್ಕಾ, ಸಿಗರೇಟು ಬಂದ್. ಉಂಡ ತಕ್ಷಣ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಏರುತ್ತದೆ. ಆದ್ದರಿಂದ ನಡುರಾತ್ರಿಯ ಭಜಿಯೂ ಬಂದ್. ಮಾತುಮಾತಿಗೆ 'ಖ್ಖೆ' ಅಂತ ಕ್ಯಾಕರಿಸುವುದೂ ಪೆಟ್ಟೇ. ಮೂರು ವಾರ ದಾಟಿ ದನಿ ಒಡೆದೇ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಬೇರೆ ರೋಗವೂ ಇದ್ದೀತು.

ವಾಪಸು ಬರುವಾಗ ಇವನ ಮುಖ ನೋಡಲಾಗಲಿಲ್ಲ. ಅದಕ್ಕೇ ಮುಂದಿನ ಭಾನುವಾರ ಕುಂದಗೋಳಕ್ಕೆ ಕರೆದೊಯ್ದೆ. ಯಾಕೆ ಗೊತ್ತೇ? ಗಂಟಲ ಜೊತೆ ಗುದ್ದಾಡಿ ಗೆದ್ದವರ ಊರು ಅದು! ಸವಾಯಿ ಗಂಧರ್ವರ ದನಿ ಹರೆಯಕ್ಕೆ ಬಂದಾಗ ಒಡೆದು ಬಿರುಸಾಗಿತ್ತು. ಅಬ್ದುಲ್ ಕರೀಂ ಖಾನರ ಕೈಯಲ್ಲಿ ತಿದ್ದಿ ತೀಡಿ, ಅದೇ ದನಿಯಿಂದ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ ಮೆರೆದರು. ಹುಡುಗ ಭೀಮಸೇನ ಜೋಶಿ ನೀರು ಹೊತ್ತು ಸೇವೆ ಮಾಡಿ ಕಲಿತದ್ದು ಅವರ ಮನೆಯಲ್ಲೇ. 'ಸಂಧ್ಯಾರಾಗ' ಚಿತ್ರದಲ್ಲಿ ಆ ಕಂಠ ಕೇಳಿದ್ದೀರಲ್ಲ!

ನನಗೆ ಇವರೆಲ್ಲರಿಗಿಂತ ದೊಡ್ಡವರಾಗಿ ಕಂಡದ್ದು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡವರು. ಆರಂಭದ ಗ್ರಾಮಫೋನ್ ತಟ್ಟೆಗಳಲ್ಲಿ ಅವರದು ಸಣ್ಣನೆಯ ಹೆಣ್ಣುದನಿ. ಟಾನ್ಸಿಲ್ ಚಿಕಿತ್ಸೆಯ ಮೇಲೆ ಅದು ಇಳಿದು ಗಂಡುದನಿಯಾಯಿತು. ಬೇರೆಯವರಾಗಿದ್ದರೆ ತಂಬೂರಿ ಮೂಲೆಗಿಡುತ್ತಿದ್ದರು. ಈ ತಾಯಿ ಹೋದ ದನಿಯ ಬೆನ್ನು ಹತ್ತಲಿಲ್ಲ. ಬಂದ ದನಿಯಲ್ಲೇ ಹಾಡಿ 2002ರಲ್ಲಿ ಪದ್ಮವಿಭೂಷಣರಾದರು. ಜಿಪುಣ ದುಡ್ಡು ಬಿಚ್ಚುವಂತೆ ಸ್ವರ ಬಿಚ್ಚಬೇಕು ಅಂತ ಗುರುಗಳು ಕಲಿಸಿದ್ದನ್ನು ಅವರು ನೆನೆಯುತ್ತಿದ್ದರು.

"ನಾವು 14 ಹಾಡಿಗೆ ಸಾಹುಕಾರನಂಗ ಖರ್ಚು ಮಾಡಿದ್ವಿ ನೋಡ್ಲೇ" ಅಂತ ದೋಸ್ತ ಒಂದು ಚೀಟಿಯ ಮೇಲೆ ಬರೆದು ತೋರಿಸಿದ. ಮೌನದ ದಿನಗಳಲ್ಲವೇ!

ಆಮೇಲೆ ಎರಡೂವರೆ ತಿಂಗಳು ತಾಲೀಮು. ಲೋಟದ ನೀರಿಗೆ ಸ್ಟ್ರಾ ಇಟ್ಟು, ದನಿ ಹೊರಡಿಸುತ್ತ ಗುಳುಗುಳು ಗುಳ್ಳೆ ಎಬ್ಬಿಸುವುದೇ ದೊಡ್ಡ ಔಷಧ. ಮೀಸೆ ಹೊತ್ತ ಗಂಡಸು ಗುಳ್ಳೆ ಊದುವುದನ್ನು ನೋಡಿ ಅವರವ್ವ ನಕ್ಕೂ ನಕ್ಕೂ ಸುಸ್ತಾದಳು. ಬೆಳಿಗ್ಗೆ ಎದ್ದು ಕೆಳಗಿನ ಷಡ್ಜದಲ್ಲಿ ಮೆಲ್ಲಗೆ ನಿಲ್ಲುವುದು, ಸ್ಟೇಜು ಹತ್ತುವ ಮುನ್ನ ಗುನುಗಿ ಗಂಟಲು ಕಾಯಿಸಿಕೊಳ್ಳುವುದು.

ದನಿ ಬಂತು. ಮೊದಲಿನಷ್ಟು ಮೇಲೆ ಹೋಗುವುದಿಲ್ಲ. ಕೀಬೋರ್ಡಿನವನು ಗುಂಡಿ ಒತ್ತಿ ಶ್ರುತಿ ಎರಡು ಮನೆ ಇಳಿಸುತ್ತಾನೆ, ಕಾಲಬುಡದಲ್ಲಿ ಇವನಿಗೆಂದೇ ಒಂದು ಸಣ್ಣ ಸ್ಪೀಕರು. ರಾತ್ರಿಗೆ 6 ಹಾಡು ಮಾತ್ರ. ಮಾಲೀಕರು ಪಗಾರ ಕಡಿಮೆ ಮಾಡಿದರು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 'ನಾದಮಯ' ಹಾಡಿರಿ ಅಂತ ಜನರ ನಡುವಿನಿಂದ ಚೀಟಿ ಬಂದರೆ ನಕ್ಕು ಕೈ ಮುಗಿದು, ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾನೆ. ಈ ಸೀಜನ್ನಿನಲ್ಲಿ ಅಂಥವು 9 ಆಗಿವೆಯಂತೆ.