ಗಂಜಿಯ ಗುಣ

ಗಂಜಿ ಎಂದೊಡನೆ ಜ್ವರ ಬಂದವನ ಪಥ್ಯ ನೆನಪಾಗುವುದು ಸಹಜ. ಆದರೆ ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಅದು ಮೊದಲು ನೂಲಿನ ಊಟ, ಆಮೇಲೆ ಮನುಷ್ಯರದು. ಮಗ್ಗದಲ್ಲಿ ಹಾಸಿನ ಎಳೆಗಳು ಹಣಿಗೆಯ ಹಲ್ಲುಗಳಿಗೆ ಕ್ಷಣಕ್ಷಣವೂ ತಿಕ್ಕುತ್ತವೆ. ಬರಿಯ ಹತ್ತಿಯ ಎಳೆ ಜುಂಗು ಎದ್ದು ಹರಿಯುತ್ತದೆ. ಗಂಜಿ ಕುಡಿದ ಎಳೆ ತಾಳಿಕೊಳ್ಳುತ್ತದೆ. ಅಜ್ಜಿಯ ಕಾಲದಲ್ಲಿ ಓಣಿಯುದ್ದಕ್ಕೂ ಹಾಸು ಎಳೆದು ಕುಂಚದಿಂದ ಗಂಜಿ ಹಚ್ಚುತ್ತಿದ್ದರಂತೆ. ಬಟ್ಟೆಯಾದ ಮೇಲೆ ಒಂದೆರಡು ಒಗೆತಕ್ಕೆ ಅದು ಹೋಗಿ ಅರಿವೆ ಮೆತ್ತಗಾಗುತ್ತದೆ. ಈ ಶಾಸ್ತ್ರವೆಲ್ಲ ನನಗೆ ಅಜ್ಜಿಯಿಂದಲೇ ಬಂದದ್ದು.

ಅಜ್ಜಿ ತೀರಿಕೊಂಡ ಮರುವರ್ಷ, ಕಾಲೇಜಿನ ಸ್ನೇಹ ಸಮ್ಮೇಳನದ ಕಲಾಪ್ರದರ್ಶನಕ್ಕೆಂದು, ರಾಟಿಯ ಮುಂದೆ ಕಂಡಿಕೆ ಸುತ್ತುತ್ತ ಕುಳಿತ ಅವಳನ್ನು ಮಾಡಬೇಕೆಂಬ ಹುಚ್ಚು ನನಗೆ ಹಿಡಿಯಿತು. ಮಣ್ಣಿನಿಂದಲ್ಲ, ಅವಳ ಸೀರೆಯಿಂದಲೇ! ಗಡಿಗೆಗಳ ಮೇಲೆ ಸೀರೆ ಹೊದಿಸಿ, ಅದು ಸೆಟೆದ ಮೇಲೆ ಗಡಿಗೆಗಳನ್ನು ತೆಗೆದರೆ, ಒಳಗೆ ಯಾರೂ ಇಲ್ಲದೆ, ಸೆರಗು ಹೊದ್ದು ಬಾಗಿ ಕುಳಿತ ಆಕಾರವೊಂದು ಉಳಿಯಬೇಕು.

ಇದು ನನ್ನ ಹೊಸ ಶೋಧವೇನೂ ಅಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಯ ಮೈಮೇಲೆ ಹುಣಸೆ ಬೀಜದ ಅಂಟಿನಿಂದ ಅರಿವೆಯ ತುಣುಕುಗಳನ್ನು ಮೆತ್ತಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಅನಂತರವೇ ಬಣ್ಣ ಹಚ್ಚುತ್ತಾರೆ. ಪೋಲೆಂಡಿನ ಶಿಲ್ಪಿ ಮ್ಯಾಗ್ಡಲೆನಾ ಅಬಕಾನೊವಿಚ್ ಎಂಬಾಕೆ 1976ರಿಂದ 1980ರವರೆಗೆ ಗೋಣಿತಟ್ಟನ್ನು ಅಂಟಿನಲ್ಲಿ ಅದ್ದಿ, ಅಚ್ಚಿಗೆ ಒತ್ತಿ, ತಲೆಯಿಲ್ಲದೆ ಕುಳಿತ 80 ಪೊಳ್ಳು ಬೆನ್ನುಗಳನ್ನು ಮಾಡಿದಳು. ಅವುಗಳ ಚಿತ್ರವನ್ನು ನೋಡಿದಂದು ನನಗೆ ಕಂಡದ್ದು ಪೋಲೆಂಡಲ್ಲ, ನಮ್ಮ ಪಡಸಾಲೆ.

ಅವ್ವ ಅನುಮಾನಿಸುತ್ತಲೇ ಒಂದು ಸೀರೆ ಕೊಟ್ಟಳು. ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿದೆ. ತಣ್ಣೀರಿನಲ್ಲಿ ಹಿಟ್ಟು ತಳ ಸೇರುತ್ತದೆ. ಕಾಯಿಸಿದಾಗಲೇ ಅದರ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಎರಡು ದಿನಕ್ಕೆ ಸೀರೆ ಸೆಟೆಯಿತು. ಗಡಿಗೆ ತೆಗೆದೆ, ನಿಂತಿತು! ನನ್ನ ಹಿಗ್ಗಿಗೆ ಪಾರವಿರಲಿಲ್ಲ. ಆದರೆ ಅವು ಆಷಾಢದ ಜಿಟಿಜಿಟಿ ಮಳೆಯ ದಿನಗಳು. ಒಣಗಿದ ಗಂಜಿ ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ಮೂರನೆಯ ಮುಂಜಾನೆ ಅಜ್ಜಿಯ ಹೆಗಲು ಜೋತುಬಿದ್ದಿತ್ತು. ವಾರದೊಳಗೆ ಮಡಿಕೆಗಳಲ್ಲಿ ಬೂಷ್ಟು ಹಿಡಿಯಿತು.

ಅಧ್ಯಾಪಕರೊಬ್ಬರು ಫೇವಿಕಾಲ್ ಬಳಸಲು ಸೂಚಿಸಿದರು. ಜಮಖಂಡಿಯ ಪೇಟೆಯಿಂದ ಡಬ್ಬಿ ತಂದೆ. ಅವ್ವ ಅದನ್ನು ತಿರುವಿ ನೋಡಿ ಕೇಳಿದಳು:

"ಇದು ಒಗದ್ರ ಹೋಗ್ತದೇನೋ?"

"ಇಲ್ಲವ್ವಾ, ಹೋಗೂದಿಲ್ಲ. ಅದಕ್ಕ ತಂದೀನಿ."

"ಹಂಗಾರ ಬ್ಯಾಡ. ಗಂಜಿ ಹಾಕೂದು ಒಗೀಲಿಕ್ಕೆ. ಹೋಗದಂಥಾದ್ದು ಹಾಕಿದ ಮ್ಯಾಲೆ ಅದು ಸೀರಿ ಅಲ್ಲ."

ನಾನು ವಾದಿಸಿದೆ. ಮೂರು ವರ್ಷ ಕಾಲೇಜು ಕಲಿತವನಿಗೆ ವಾದಕ್ಕೆ ಮಾತುಗಳ ಬಡತನವೇ? ಕಲೆ ಚಿರಂತನ, ಸೀರೆ ನಶ್ವರ ಎಂದೆಲ್ಲ ಹೇಳಿದೆ. ಅವ್ವ ಕೇಳುತ್ತಲೇ ಸೀರೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದಳು.

ಕಡೆಗೆ ಕೋರಾ ಬಟ್ಟೆ ತಂದೆ. ಅದನ್ನು ಮೊದಲು ಒಗೆದು ಮಗ್ಗದ ಗಂಜಿ ಕಳೆಯಬೇಕು. ಇಲ್ಲವಾದರೆ ಅಂಟು ಎಳೆಯೊಳಗೆ ಸರಿಯಾಗಿ ಇಳಿಯದು. ಅಂಟಿಗೆ ಸಮಪಾಲು ನೀರು ಬೆರೆಸಿ ಬಟ್ಟೆ ಅದ್ದಿ ಹಿಂಡಿದೆ. ಅಂಟಿಕೊಳ್ಳದಂತೆ ಗಡಿಗೆಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಹಸಿಯಿರುವಾಗಲೇ ಮಡಿಕೆಗಳನ್ನು ತೀಡಿದೆ. ನೀರು ಆರಿದಂತೆ ಅಂಟು ಎಳೆಎಳೆಯನ್ನೂ ಹಿಡಿದು ಕೂರಿಸಿತು. ಪ್ರದರ್ಶನದಲ್ಲಿ ಅದನ್ನು ಹಲವರು ಮೆಚ್ಚಿದರು. ಅವ್ವನೂ ಬಂದು ನೋಡಿ, "ಚಲೋ ಆಗೇದ. ಯಾರದೋ ಮುದುಕಿ ಕುಂತಂಗ ಐತಿ" ಎಂದಳು. ನಿಜ, ಅದು ಒಬ್ಬ ಅಜ್ಜಿ, ನಮ್ಮ ಅಜ್ಜಿಯಲ್ಲ.

ಅಂದು ರಾತ್ರಿ ಅವ್ವ ಪೆಟ್ಟಿಗೆಯಿಂದ ಆ ಸೀರೆ ತೆಗೆದಳು. ಗಂಜಿ ಹೋಗಿ ಮೆತ್ತಗಾಗಿತ್ತು. ಬೂಷ್ಟಿನ ಕಲೆ ಮಾತ್ರ ಅಲ್ಲಲ್ಲಿ ಮಾಸಲಾಗಿ ಉಳಿದಿತ್ತು. ಅವಳು ಸೆರಗನ್ನು ಮೂಗಿನ ಹತ್ತಿರ ಹಿಡಿದಳು. ಎಲೆ-ಅಡಿಕೆಯ, ಕೊಬ್ಬರಿ ಎಣ್ಣೆಯ ಅಜ್ಜಿಯ ವಾಸನೆ ಗಂಜಿಯ ಜೊತೆಗೇ ಹೋಗಿತ್ತು. ಅವ್ವ ಏನೂ ಅನ್ನಲಿಲ್ಲ. ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಅಂಟಿನ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಅದನ್ನು ತೆರೆಯಲು ನನಗೆ ಮನಸ್ಸಾಗಿಲ್ಲ.