ತೆಂಗಿನ ಚಿಪ್ಪಿನ ಕುದುರೆ

1975ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ಮಾಂಟಿ ಪೈಥನ್ ಅಂಡ್ ದ ಹೋಲಿ ಗ್ರೇಲ್’ ಚಿತ್ರದಲ್ಲಿ ಆರ್ಥರ್ ದೊರೆಗೆ ಕುದುರೆಯೇ ಇಲ್ಲ. ಸೇವಕನು ತೆಂಗಿನ ಚಿಪ್ಪುಗಳನ್ನು ಬಡಿದು ಗೊರಸಿನ ಸದ್ದು ಹೊರಡಿಸುತ್ತಾನೆ. ನಗದ ಮಗುವುಂಟೆ? ಮುಂದೆ ಕಪ್ಪು ಕವಚದ ವೀರನ ಕೈಕಾಲುಗಳು ಒಂದೊಂದಾಗಿ ತುಂಡಾಗಿ ನೆತ್ತರು ಚಿಮ್ಮುವಾಗ, ತಾಯಿಯ ಕೈ ಮಗುವಿನ ಕಣ್ಣು ಮುಚ್ಚಲು ತಾನಾಗಿ ಏಳುತ್ತದೆ. ಮಗುವಾದರೋ ಬೆರಳ ಸಂದಿಯಿಂದಲೇ ನೋಡಿ ನಗುತ್ತದೆ. ಕೈಕಾಲು ಹೋದರೂ ಸೋಲೊಪ್ಪದ ಜಂಬ ಅದಕ್ಕೆ ಅರ್ಥವಾಗಿದೆ. ತಾಯಿಗೆ ನಿಜವಾದ ಇಕ್ಕಟ್ಟು ತರುಣಿಯರೇ ತುಂಬಿದ ಕೋಟೆಯ ದೃಶ್ಯದಲ್ಲಿ. ಅಲ್ಲಿನ ದ್ವಂದ್ವಾರ್ಥ ಮಗುವಿಗೆ ತಿಳಿಯದು; ತಾಯಿಯ ಮೌನ ಮಾತ್ರ ತಿಳಿಯುತ್ತದೆ. ‘ಯಾಕಮ್ಮಾ ಸುಮ್ಮನಾದೆ?’

ಚಿತ್ರ ಮಕ್ಕಳಿಗೆ ತಕ್ಕುದೇ ಎಂಬುದಕ್ಕೆ ವಯಸ್ಸೊಂದೇ ಅಳತೆಯಲ್ಲ. ಈ ಪ್ರಶ್ನೆಗೆ ನಾಚದೆ, ಗದರದೆ ಉತ್ತರಿಸಬಲ್ಲ ಹಿರಿಯರು ಪಕ್ಕದಲ್ಲಿದ್ದರೆ ಹನ್ನೆರಡು ದಾಟಿದ ಮಗು ಧಾರಾಳವಾಗಿ ನಗಲಿ. ಅಲ್ಲಿಯವರೆಗೆ ಚಿಪ್ಪಿನ ಕುದುರೆಯೇ ಸಾಕು.